ಕುರ್ಚಿಯ ಕೆಳಗಿನ ಚಪ್ಪಲಿ

ಅವ್ವಾ,

ನೀನಿದ್ದಿದ್ದರೆ ಇದನ್ನು ಫೋನ್ ಮಾಡಿ ನಿನ್ನನ್ನೇ ಕೇಳುತ್ತಿದ್ದೆ. ಆದರೆ ನೀನಿದ್ದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲವಲ್ಲ! ನೋಡು, ಮೊದಲ ಸಾಲಿಗೇ ತಲೆ ಕೆಟ್ಟುಹೋಯಿತು.

ಇಲ್ಲಿ ಲಂಡನ್ನಿನ ಆರ್ಟ್ ಗ್ಯಾಲರಿಗೆ ಹೋದಾಗಲೆಲ್ಲ ನೀನು ರಾಜರನ್ನೂ ಯುದ್ಧಗಳನ್ನೂ ದಾಟಿ ನೇರ ಹಳೆಯ ಡಚ್ ಚಿತ್ರಗಳ ಕೋಣೆಗೆ ನಡೆದುಬಿಡುತ್ತಿದ್ದೆ. ನಿನಗೆ ಬೇಕಾದದ್ದು ಒಂದೇ ಚಿತ್ರ. ಎಡಗಡೆ ಕಿಟಕಿ, ಅಲ್ಲಿಂದ ಬೀಳುವ ಮೆತ್ತನೆಯ ಬೆಳಕು, ಆ ಬೆಳಕಿನಲ್ಲಿ ಕೂತು ಸೇಬಿನ ಸಿಪ್ಪೆ ತೆಗೆಯುವ ಹೆಂಗಸು, ಅವಳ ಹಿಂದೆ ಸುಮ್ಮನೆ ನಿಂತ ಗಂಡಸು. ಅವಳು ಕೆಲಸದವಳು ಅಂತ ಅಪ್ಪ. "ಸುಮ್ನ ಇರ್ರಿ. ಚಪ್ಪಲಿ ನೋಡ್ರಿ, ಕುರ್ಚಿ ಬುಡಕ ಬಿಟ್ಟಾಳ. ಬಂದು ಹೋಗಾಕಿ ಆಗಿದ್ರ ಬಾಗಿಲದಾಗ ಬಿಡ್ತಿದ್ಲು. ಆಕಿ ಮನಿಯಾಕೀನ," ಅಂತ ನೀನು. ಆ ದೇಶದಲ್ಲಿ ಮನೆಯೊಳಗೂ ಚಪ್ಪಲಿ ಹಾಕುತ್ತಾರೆಂದು ಅಪ್ಪ ಎಷ್ಟು ಹೇಳಿದರೂ ಕೇಳುವವಳೇ ನೀನು? ಬೆಂಚಿನ ಮೇಲಿದ್ದ ಇಂಗ್ಲಿಷ್ ಅಜ್ಜಿಯೊಬ್ಬಳು ನಿಮ್ಮ ಜಗಳಕ್ಕೆ ಹೆದರಿ ಎದ್ದೇ ಹೋದಳು.

ಹೋದ ವಾರ ಫೋನೂ ಮಾಡದೆ ಹೌನ್ಸ್ಲೋದ ನನ್ನ ಮನೆಯಿಂದ ಕಿಂಗ್ಸ್‌ಬರಿಯ ನಿಮ್ಮ ಫ್ಲ್ಯಾಟಿಗೆ ಹೋದೆ. ಅಪ್ಪನಿಗೆ ಜೋಳದ ಹಿಟ್ಟು ಕೊಡುವುದಿತ್ತು. ನನ್ನ ಕೀಯಿಂದ ಬಾಗಿಲು ತೆಗೆದರೆ ಅಡುಗೆಮನೆಯ ಕಿಟಕಿಯ ಪಕ್ಕ ಎದುರು ಫ್ಲ್ಯಾಟಿನ ಹಂಸಾಬೆನ್ ಮೆಂತ್ಯಪಲ್ಯದ ಎಲೆ ಬಿಡಿಸುತ್ತ ಕೂತಿದ್ದರು. ಅದೇ, ನಿನಗೆ ಢೋಕ್ಲಾ ಕಳಿಸುತ್ತಿದ್ದರಲ್ಲ, ಅವರೇ. ಅಪ್ಪ ಚಹಾದ ಕಪ್ಪು ಹಿಡಿದು, ಗೋಡೆಗೆ ಒರಗಿ, ನೋಡುತ್ತ ನಿಂತಿದ್ದರು. ಹಂಸಾಬೆನ್ ಅವರ ಚಪ್ಪಲಿ ಬಾಗಿಲ ಬಳಿ ಇರಲಿಲ್ಲ ಅವ್ವಾ, ಕುರ್ಚಿಯ ಕೆಳಗಿತ್ತು. ನಿನ್ನ ಮಗಳಲ್ಲವೇ, ಆಗಲೇ ಗೊತ್ತಾಯಿತು. ಆ ಬೆಳಕಿನಲ್ಲಿ ಇಬ್ಬರೂ ಎಷ್ಟು ಚೆಂದ ಕಾಣುತ್ತಿದ್ದರು! ಚೆಂದ ಅನಿಸಿದ್ದಕ್ಕೇ ನನಗೆ ಸಿಟ್ಟು ಬಂತು.

ಹಂಸಾಬೆನ್ ಮೆಲ್ಲಗೆ ಎದ್ದು ತಮ್ಮ ಮನೆಗೆ ಹೋದ ಮೇಲೆ ಅಪ್ಪ ಸುತ್ತಿ ಬಳಸದೆ ಹೇಳಿಬಿಟ್ಟರು. "ನಾವು ರಿಜಿಸ್ಟರ್ ಮದುವಿ ಆಗೂಣಂತ ಮಾಡೇವಿ. ನೀ ಬ್ಯಾಡ ಅಂದ್ರ ಇಲ್ಲ."

"ನನ್ನ ಯಾಕ ಕೇಳ್ತೀರಿ?"

"ನಿಮ್ಮವ್ವನ್ನ ಕೇಳಾಕ ಆಗೂದಿಲ್ಲಲ್ಲ."

ಈಗ ನೀನೇ ಹೇಳು, ನಿನ್ನ ಬದಲು ನಾನು ಹೇಗೆ ಉತ್ತರ ಕೊಡಲಿ? ನಿನಗೆ ಸಿಟ್ಟು ಬರುತ್ತಿತ್ತೋ, ನಗು ಬರುತ್ತಿತ್ತೋ? "ಮಮ್, ಹಿ ಈಸ್ ಹ್ಯಾಪಿ. ಇಟ್ಸ್ ನಾಟ್ ಅಬೌಟ್ ಯು," ಅಂತ ನಿನ್ನ ಮೊಮ್ಮಗಳು ಒಂದೇ ಮಾತಿಗೆ ಮುಗಿಸಿದಳು. ಅಪ್ಪ ಒಬ್ಬರೇ ಕೂತು ಉಣ್ಣುವುದನ್ನು ನೋಡಲಾಗದೆ ಎಷ್ಟು ಸಲ ಟ್ಯೂಬ್ ರೈಲಿನಲ್ಲಿ ಅತ್ತಿದ್ದೇನೆ. ಈಗ ಅವರು ಒಬ್ಬರೇ ಉಣ್ಣುತ್ತಿಲ್ಲ, ಅದನ್ನೂ ನೋಡಲಾಗುತ್ತಿಲ್ಲ. ಹಾಗಾದರೆ ನನಗೆ ಬೇಕಾದದ್ದೇನು? ಅವರು ನಿನ್ನನ್ನು ನೆನೆಸಿಕೊಂಡು ಕೊರಗುತ್ತಲೇ ಇರಬೇಕೇ? ಅದನ್ನು ಬಯಸುವವಳು ಎಂಥ ಮಗಳು... ಅಥವಾ ಬಯಸದಿದ್ದರೆ ಎಂಥ ಮಗಳು?

ನಿನ್ನೆ ಫೋನ್ ಮಾಡಿ ಆಗಲಿ ಅಂದೆ. ಅಪ್ಪ, "ಸಾಕ್ಷಿ ಸಹಿ ನೀನ ಹಾಕಬೇಕವಾ," ಅಂದರು.

ಹಾಕುತ್ತೇನೆ. ಅವತ್ತು ಇಳಕಲ್ ಸೀರೆ ಉಟ್ಟು ಹೋಗುತ್ತೇನೆ, ನಗುತ್ತಲೂ ಇರುತ್ತೇನೆ. ಅದಾದ ಮೇಲೆ ಹಂಸಾಬೆನ್ ಅವರನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅವರ ಗುಜರಾತಿಯಲ್ಲಿ ಮಾಸಿ ಅನ್ನಬಹುದು, ಆಂಟಿ ಅನ್ನಬಹುದು. ಅವ್ವಾ ಅಂತ ಮಾತ್ರ ಕರೆಯುವುದಿಲ್ಲ. ಅದು ನಿನಗೊಬ್ಬಳಿಗೇ.

ನಿನ್ನ,
ಸುಮಾ