ಎರಡು ಮನೆಯ ಹೂಜಿ

ಸ್ಟೌರ್‌ಬ್ರಿಜ್
೧೬ ಸೆಪ್ಟೆಂಬರ್ ೧೯೩೪, ಭಾನುವಾರ

ಮುದ್ದಿನ ನೆಲ್ಲಿ,

ಅಮ್ಮ ಮರೆತೇಬಿಟ್ಟಳು ಎಂದು ಮುನಿಸಿಕೊಂಡಿದ್ದೀಯಾ? ಪ್ಲಮ್ ಹಣ್ಣೆಲ್ಲ ಒಟ್ಟಿಗೇ ಮಾಗಿ, ಜಾಮು ಕಾಯಿಸುವುದರಲ್ಲೇ ದಿನ ಹೋಯಿತು. ನಿನಗೂ ಅಳಿಯನಿಗೂ ಜಾಡಿಯಲ್ಲಿ ತೆಗೆದಿಟ್ಟಿದ್ದೇನೆ.

ಈಗ ಸುದ್ದಿ ಕೇಳು. ಕಳೆದ ಭಾನುವಾರ ನಿನ್ನ ಸೈಲಸ್ ಚಿಕ್ಕಪ್ಪ ಬಂದಿದ್ದ! ನಿನ್ನ ಅಜ್ಜಿಯನ್ನು ಮಣ್ಣು ಮಾಡಿದ ದಿನ ಅವಳ ಹಳೆಯ ಗಾಜಿನ ಹೂಜಿಗಾಗಿ ಅಣ್ಣತಮ್ಮ ಎಳೆದಾಡಿದ್ದು ನೆನಪಿದೆಯಲ್ಲ? ನಕ್ಷತ್ರ ಕೊರೆದ ಗಾಜು ನಿಮ್ಮಪ್ಪನ ಕೈಯಲ್ಲುಳಿಯಿತು. ಚಿನ್ನದ ಲೇಪದ ಕತ್ತುಪಟ್ಟಿ, ಹಿಡಿ, ಮುಚ್ಚಳ ಒಟ್ಟಾಗಿ ಕಳಚಿ ಸೈಲಸ್ ಕೈಗೆ ಹೋಯಿತು. ಅಂದಿನಿಂದ ಬೀದಿಯಲ್ಲಿ ಎದುರಾದರೂ ಇಬ್ಬರಿಗೂ ಮಾತಿಲ್ಲ.

ಬಾಗಿಲಲ್ಲಿ ನಿಂತು, "ಅಣ್ಣ ಇದಾನಾ ಅತ್ತಿಗೆ?" ಎಂದ.

"ಇಲ್ಲ ಅಂತ ಹೇಳೇ!" ಎಂದು ನಿಮ್ಮಪ್ಪ ಒಳಗಿಂದ ಕೂಗಿದರು.

"ಇಲ್ಲದೋನ ಗಂಟಲು ಜೋರಾಗೇ ಇದೆ," ಎನ್ನುತ್ತ ಸೈಲಸ್ ಒಳಗೆ ಬಂದು, ಪೇಪರಿನ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿದ. ಚಿನ್ನದ ಪಟ್ಟಿ ಫಳಫಳ ಅನ್ನುತ್ತಿತ್ತು. "ಪಾಪ, ಅಮ್ಮನ ಹೂಜಿ ಎಷ್ಟು ದಿನ ಬೋಳುತಲೇಲಿ ಕೂತಿರತ್ತೆ?"

ನಿಮ್ಮಪ್ಪ ಧಡಧಡನೆ ಮಹಡಿ ಹತ್ತಿದರು. ಕೋಪವೆಂದುಕೊಂಡೆ. ಇಳಿದು ಬಂದಾಗ ತೋಳಿನಲ್ಲಿ ಮಗುವಿನ ಹಾಗೆ ಹೂಜಿ!

"ನಿನ್ನ ಚಿನ್ನ ಬರೀ ಸಿಪ್ಪೆ ಕಣೋ. ಬೆಲೆ ಇರೋದು ಗಾಜಿಗೆ."

"ಸಿಪ್ಪೆ ಇಲ್ದೆ ಹೆಂಗ್ ಎತ್ತಿ ಬಗ್ಗಿಸ್ತಿದ್ದೆ? ಕತ್ತು ಹಿಸುಕಿಯಾ?"

ಇಬ್ಬರೂ ಸೇರಿ ಸುಣ್ಣದ ಗಾರೆ ಕಲಸಿದರು, ಪಟ್ಟಿ ಕೂರಿಸಿದರು, ಹಿಡಿ ಸೊಟ್ಟಗಿದೆಯೆಂದು ಕಿತ್ತು ಮತ್ತೆ ಕೂರಿಸಿದರು. ನನ್ನ ಮೇಜುಬಟ್ಟೆಯ ಪಾಡು ಕೇಳಬೇಡ. ಅಂದಿನಿಂದ ನಿಮ್ಮಪ್ಪ ಕ್ಷೌರ ಮಾಡಿಕೊಳ್ಳುವಾಗಲೂ ಸಿಳ್ಳೆ ಹಾಕುತ್ತಾರೆ.

ಮಕ್ಕಳಿಗೆ ನನ್ನ ಮುತ್ತು. ನೀವೆಲ್ಲ ನಗುನಗುತ್ತ ಬಾಳಿ, ದೇವರ ಕಣ್ಣು ನಿಮ್ಮ ಮನೆಯ ಮೇಲಿರಲಿ.

ನಿನ್ನ ಅಮ್ಮ,
ಹೆಟ್ಟಿ

ತಾ.ಕ.: ಈಗ ಹೇಳುವುದರ ಮಾತು ನಿನ್ನ ಉತ್ತರದಲ್ಲಿ ಎತ್ತಬೇಡ, ಕಾಗದ ಒಡೆಯುವವರು ನಿಮ್ಮಪ್ಪನೇ. ಆ ದಿನ ಗೇಟಿನ ತನಕ ಬಿಡಲು ಹೋದಾಗ ಸೈಲಸ್ ಹೇಳಿದ, ಹೊಟ್ಟೆಯಲ್ಲಿ ಗಡ್ಡೆಯಂತೆ, ಈ ಚಳಿಗಾಲ ದಾಟುವುದಿಲ್ಲವಂತೆ. ನಿಮ್ಮಪ್ಪನನ್ನು ಕೂಗಲು ತಿರುಗಿದೆ, ಕೈ ಹಿಡಿದುಕೊಂಡ. "ಬೇಡಿ ಅತ್ತಿಗೆ. ಗೊತ್ತಾದ್ರೆ ನನ್ ಜತೆ ಜಗಳ ಆಡೋದು ಬಿಟ್ಬಿಡ್ತಾನೆ." ಇವತ್ತೂ ಬಂದಿದ್ದಾನೆ. ಒಳಗೆ ಇಬ್ಬರೂ ಕಿರುಚಾಡುತ್ತಿದ್ದಾರೆ. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಬೇಗ ಬಾ ಮಗಳೇ.