ಸಾಣೆ ಕಾಣದ ಚಾಕು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಕಿವಿಯ ವಿಷಯ ಹೇಳು. ಹಡಗಿನ ಎಂಜಿನ್ ಕೋಣೆಯಿಂದ ಮೇಲೆ ಬಂದ ಮೇಲೂ ಕಿವಿಯೊಳಗೆ ಗುಂಯ್‌ಗುಡುವುದು ನಿಲ್ಲುತ್ತಿಲ್ಲ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಬಂದರಿನಲ್ಲಿ ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಎಂದಿನಂತೆ ಹತ್ತಿ ತುರುಕಿಕೊಂಡು ಸುಮ್ಮನಾದೆಯಾ? ಹತ್ತಿ ಔಷಧಿಯಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ನಾನು ಚೆನ್ನಾಗಿದ್ದೇನೆ. ಹೆಂಚು ಸರಿಮಾಡಿಸಿದ ಮೇಲೆ ಮನೆ ಸೋರುತ್ತಿಲ್ಲ. ಅಪ್ಪನ ಕೋಣೆಯ ಬಾಗಿಲು ಮುಚ್ಚಿಟ್ಟರೆ ಮರ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತೆರೆದೇ ಇಟ್ಟಿದ್ದೇನೆ. ಒಬ್ಬಳಿಗೆ ಎಷ್ಟು ಅಡುಗೆ ಮಾಡಬೇಕು ಅನ್ನುವುದು ಇನ್ನೂ ಕೈಗೆ ಹತ್ತಿಲ್ಲ. ಸಂಜೆ ಮಾಡಿದ್ದು ಮರುದಿನಕ್ಕೂ ಉಳಿಯುತ್ತದೆ. ಪಕ್ಕದ ಮನೆಯ ಟೈಲರಮ್ಮ, "ಮಾತಾಡೋಕೆ ಯಾರೂ ಇಲ್ಲ ಅಂದ್ರೆ ರೇಡಿಯೋ ಹಾಕ್ಕೊಳೇ" ಅಂದಳು. ಹಾಕಿಕೊಳ್ಳುತ್ತೇನೆ. ಅದು ಪಾಪ ಒಂದೇ ಸಮ ಮಾತಾಡುತ್ತದೆ, ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ.

ಇನ್ನು ಕಾರ್ಖಾನೆಯ ಸುದ್ದಿ. ನಾನು ಈಗಲೂ ಜೋಡಣೆಯ ಮೇಜಿನಲ್ಲೇ ಇದ್ದೇನೆ. ಪ್ರತಿ ಚಾಕುವನ್ನೂ ತೆರೆದು, ಮಡಚಿ, ಟಕ್ ಎನ್ನುವ ಸದ್ದು ಸರಿಯಾಗಿ ಬರುತ್ತಿದೆಯೇ ಎಂದು ಕೇಳಿ ಮುಂದಕ್ಕೆ ತಳ್ಳುವುದು. ಹೋದ ತಿಂಗಳು ಹೊಸ ಮ್ಯಾನೇಜರ್ ಮೇಡಂ ಬಂದರು. ಒಳ್ಳೆಯವರು, ಆದರೆ ಕಣ್ಣು ಸೂಕ್ಷ್ಮ. ನಮ್ಮ ಮಡಚುವ ಚಾಕುವಿನ ಡಬ್ಬಿಯ ಮೇಲೆ 'ಅಂದಿನದೇ ಆಕಾರ' ಎಂದು ಅಚ್ಚಾಗಿರುತ್ತದಲ್ಲ? ಮೇಡಂ ಆಫೀಸಿನ ಗೋಡೆಯಲ್ಲಿರುವ ಹಳೆಯ ಜಾಹೀರಾತಿನ ಪಕ್ಕದಲ್ಲಿ ಈಗಿನ ಚಾಕುವನ್ನು ಹಿಡಿದು, "ಇದೇನ್ರೀ, ಇವೆರಡೂ ಅಣ್ಣತಮ್ಮಂದಿರು ಅಂದ್ಕೊಂಡಿದ್ದೆ. ಎಲ್ಲೋ ದೂರದ ನೆಂಟರ ಥರ ಇದಾವಲ್ಲ!" ಅಂದರು. ಎಲ್ಲರೂ ಹೋಗಿ ನೋಡಿದೆವು. ನಿಜ. ಚಿತ್ರದಲ್ಲಿರುವ ಅಲಗಿಗೆ ಹೊಟ್ಟೆ ತುಂಬಿಕೊಂಡಿದೆ, ಬೆನ್ನು ಕೊನೆಯಲ್ಲಿ ನಿಧಾನವಾಗಿ ಬಾಗಿ ಮೊನೆಯನ್ನು ಸೇರುತ್ತದೆ. ನಮ್ಮದು ಚಪ್ಪಟೆ ಹೊಟ್ಟೆ, ನೆಟ್ಟಗಿನ ಬೆನ್ನು, ಕತ್ತರಿಸಿಟ್ಟಂಥ ಮೊನೆ. ಇಷ್ಟು ವರ್ಷ ದಿನವೂ ಕೈಯಲ್ಲಿ ಹಿಡಿದವರು ನಾವು. ಒಬ್ಬರಿಗೂ ಗೊತ್ತಾಗಿರಲಿಲ್ಲ.

ಹೇಗಾಯಿತು ಎಂದು ವಿಚಾರಿಸಿದರೆ, ಒಂದೆರಡು ಬದಲಾವಣೆಗಳನ್ನು ಬೇಕೆಂದೇ ಮಾಡಿದ್ದರು. ಮಡಚಿದಾಗ ಮೊನೆ ಹೊರಗೆ ಇಣುಕಿ ಜೇಬು ಹರಿಯುತ್ತದೆ ಎಂಬ ದೂರು ಬಂದಾಗ ಅದನ್ನು ತುಸು ತಗ್ಗಿಸಿದರು. ಪಟ್ಟಿ ತಿರುಗುವ ಸಾಣೆ ಯಂತ್ರ ಬಂದಾಗ, ಬಾಗಿದ್ದನ್ನು ಉಜ್ಜುವುದಕ್ಕಿಂತ ನೆಟ್ಟಗಿದ್ದನ್ನು ಉಜ್ಜುವುದು ಬೇಗ ಎಂದು ಹೊಟ್ಟೆಯನ್ನು ಇಳಿಸಿದರು. ಉಳಿದದ್ದನ್ನು ಯಾರೂ ತೀರ್ಮಾನಿಸಿದ್ದಲ್ಲ. ಸಾಣೆಯ ಪಕ್ಕ ಮೊಳೆಗೆ ನೇತುಹಾಕಿದ, ಅಲಗಿನ ಆಕಾರದ ಉಕ್ಕಿನ ಅಚ್ಚು ನಿನಗೆ ನೆನಪಿರಬೇಕು. ಉಜ್ಜಿದ ಅಲಗನ್ನು ಅದರ ಮೇಲಿಟ್ಟು ನೋಡಿ, ಹೊರಗೆ ಚಾಚಿದ್ದನ್ನು ಸವೆಸುತ್ತಾರೆ. ದಿನವೂ ಉಕ್ಕಿಗೆ ಉಕ್ಕು ತಾಗಿ ಅಚ್ಚೂ ಸವೆಯುತ್ತದೆ. ಆಗ ಹೊಸ ಅಚ್ಚು ಕತ್ತರಿಸುತ್ತಾರೆ. ಯಾವುದನ್ನು ನೋಡಿಕೊಂಡು? ಸವೆದ ಅಚ್ಚನ್ನೇ. ಮೊದಲಿನದನ್ನು ಎತ್ತಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅದು ಗುಜರಿಗೆ ಹೋಯಿತು. ಅಪ್ಪನೂ ಕೊನೆಯ ವರ್ಷಗಳಲ್ಲಿ ಹಾಗೇ ಕತ್ತರಿಸಿದವರೇ.

ಮೇಡಂ ಹಳೆಯ ಆಕಾರಕ್ಕೇ ಮರಳಬೇಕು ಅನ್ನುತ್ತಾರೆ. "ಆಗಲ್ಲ ಅಂದ್ರೆ ಡಬ್ಬಿ ಮೇಲಿನ ಆ ಮಾತು ತೆಗೆಸ್ತೀನಿ. ಸುಳ್ಳು ಬರ್ಕೊಂಡು ಮಾರೋದು ಬೇಡ." ಮಾತು ಸರಿಯೇ. ಆದರೆ ಜಾಹೀರಾತಿನ ಚಿತ್ರ ಕೈಯಲ್ಲಿ ಬರೆದದ್ದು, ಅದರಿಂದ ಅಳತೆ ತೆಗೆಯಲಾಗದು. ಮೇಸ್ತ್ರಿ ಮಾಮ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಅಲಗು ಬರೆದರು. ಪಾಲಿಶ್ ಮಾಡುವ ಕುಳ್ಳಣ್ಣ ಅದನ್ನು ನೋಡಿ, "ಮಾಮ, ಇದು ಚಾಕೋ ಬದನೆಕಾಯೋ?" ಎಂದು ಪಕ್ಕದಲ್ಲಿ ತನ್ನದೊಂದು ಬರೆದ. "ನಿಂದು ನೋಡು, ಊಟ ಕಾಣದ ಹಲ್ಲಿ" ಅಂದರು ಮಾಮ. ಊಟದ ಗಂಟೆ ಹೊಡೆಯುವ ಹೊತ್ತಿಗೆ ನೆಲದ ತುಂಬ ಅಲಗುಗಳು, ಒಂದರ ಹಾಗೆ ಒಂದಿಲ್ಲ. ಎಲ್ಲರೂ ಮನೆಯಲ್ಲಿರುವ ಹಳೆಯ ಚಾಕುಗಳನ್ನು ತರಬೇಕೆಂದು ಆಯಿತು. ಮರುದಿನ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಅವೂ ಅಷ್ಟೆ. ಉಪಯೋಗಿಸಿದ ಚಾಕುವನ್ನು ಮಸೆಯಲೇಬೇಕು, ಮಸೆದರೆ ಆಕಾರ ಹೋಗುತ್ತದೆ. ನನ್ನದಂತೂ ಮೀನಿನ ಮುಳ್ಳಿನಷ್ಟಾಗಿದೆ. ಮೊದಲ ಅಚ್ಚಿನ ಕಾಲದಲ್ಲೇ ಅಪ್ಪ ನಮ್ಮಿಬ್ಬರಿಗೂ ಒಂದೇ ದಿನ ಒಂದೊಂದು ಕೊಟ್ಟಿದ್ದು ನೆನಪಿದೆಯಾ? ನಾನು ನನ್ನದರಲ್ಲಿ ದಿನವೂ ತರಕಾರಿ ಹೆಚ್ಚಿದೆ, ಅಪ್ಪ ಪ್ರತಿ ಭಾನುವಾರ ಹಿತ್ತಲಲ್ಲಿ ಕೂತು ಮಸೆದುಕೊಟ್ಟರು. ಹಾಗೇ ಮುಗಿದುಹೋಯಿತು.

ಆಗ ನನ್ನ ಬಾಯಿಂದ ಬಂದುಬಿಟ್ಟಿತು: "ನಮ್ಮಣ್ಣನ ಹತ್ರ ಒಂದಿದೆ." ಎಲ್ಲರೂ ನನ್ನ ಕಡೆ ತಿರುಗಿದರು. ನೀನೇ ಬರೆದಿದ್ದೆಯಲ್ಲ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ಹಗ್ಗ ಕತ್ತರಿಸಿ ಕತ್ತರಿಸಿ ಮೊಂಡಾಗಿದೆ, ಆದರೂ ಯಾವ ಕಲ್ಲಿಗೂ ಇಟ್ಟಿಲ್ಲ ಅಂತ. ನೀನು ಹೊರಟ ದಿನ ಬಸ್ ನಿಲ್ದಾಣದಲ್ಲಿ ಅಪ್ಪ ಕಿಟಕಿಯೊಳಗೆ ಕೈ ಚಾಚಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. "ಮೊಂಡಾದ್ರೆ ತಗೊಂಡು ಬಾ. ಬೇರೆಯವರ ಸಾಣೆಗೆ ಕೊಡಬೇಡ." ನೀನು ಕೊಡಲಿಲ್ಲ. ಬರಲೂ ಇಲ್ಲ. ಅಪ್ಪ ಹೋದ ಸುದ್ದಿ ಮುಟ್ಟುವಾಗ ನೀನು ನಡುಸಮುದ್ರದಲ್ಲಿದ್ದೆ, ಅದಕ್ಕೆ ಯಾರೇನು ಮಾಡಲಾಗುತ್ತದೆ? ಅದನ್ನು ಇಲ್ಲಿ ಯಾರೂ ಆಡಿಕೊಂಡಿಲ್ಲ, ನೀನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಒಂದು ಮಾತು ಮಾತ್ರ ಹೇಳುತ್ತೇನೆ. ಈಚೆಗೆ ನಿನ್ನ ದನಿಯನ್ನು ನೆನಪಿಸಿಕೊಳ್ಳಲು ಕೂತರೆ, ಹಿಂದಿನ ಸಲ ನೆನಪಿಸಿಕೊಂಡಿದ್ದೇ ನೆನಪಾಗುತ್ತದೆ. ಅದು ನಿನ್ನದೇ ಹೌದೋ ಅಲ್ಲವೋ ಹೇಳಲು ಇನ್ನೊಬ್ಬರು ಮನೆಯಲ್ಲಿಲ್ಲ.

ಮೇಡಂ ಹೇಳಿ ಬರೆಸಿದ್ದು ಇದು. ಚಾಕುವನ್ನು ಮಡಚಿ, ಎಣ್ಣೆ ಬಟ್ಟೆಯ ಮೇಲೆ ದಪ್ಪ ಕಾಗದ ಸುತ್ತಿ, ತಗಡಿನ ಡಬ್ಬಿಯಲ್ಲಿ ಅಲ್ಲಾಡದಂತೆ ಹತ್ತಿ ತುಂಬಿ (ಕಿವಿಗೆ ಇಟ್ಟುಕೊಂಡು ಮಿಕ್ಕಿದ್ದರೆ), ರಿಜಿಸ್ಟರ್ ಪಾರ್ಸೆಲ್ ಮಾಡಬೇಕು. ವಿಳಾಸ ಕಾರ್ಖಾನೆಯದು. ಖರ್ಚನ್ನು ಅವರೇ ಕೊಡುತ್ತಾರೆ. ಅಳತೆ ತೆಗೆದ ಮೇಲೆ ಹಿಂದಕ್ಕೆ ಕಳಿಸುತ್ತಾರೆ. ಅಚ್ಚನ್ನು ತಾನೇ ಕತ್ತರಿಸಬೇಕೆಂದು ಮೇಸ್ತ್ರಿ ಮಾಮನಿಗೆ ಆಸೆ. ಮಳೆಗಾಲ ಶುರುವಾಗುವುದರೊಳಗೆ ಅವರು ಕೆಲಸ ಬಿಡುತ್ತಾರೆ, ಆದ್ದರಿಂದ ತಡ ಮಾಡಬಾರದು. ಈ ಸಲದ ಮೊದಲ ಅಚ್ಚನ್ನು ಯಾರೂ ಬಳಸದ ಹಾಗೆ ಕಪಾಟಿನಲ್ಲಿ ಇಟ್ಟು ಬೀಗ ಹಾಕುತ್ತಾರಂತೆ.

ಮೇಸ್ತ್ರಿ ಮಾಮ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಕುಳ್ಳಣ್ಣ ಕೇಳಿದ ಅಂತ ಹೇಳಲು ಹೇಳಿದ್ದಾನೆ. ಮೈ ಕಡೆ ಗಮನ ಇರಲಿ, ಕಿವಿಯ ಕಡೆ ಇನ್ನಷ್ಟು.

ನಿನ್ನ ತಂಗಿ

ತಾ.ಕ.: ಅಣ್ಣಾ, ಲಕೋಟೆ ಅಂಟಿಸಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬಂದೆ. ಪಾರ್ಸೆಲ್ ಕಟ್ಟುವ ವಿಷಯ ಬರೆದಿದ್ದೇನಲ್ಲ, ಅದನ್ನು ಬಿಟ್ಟುಬಿಡು. ಕಳಿಸಬೇಡ. ಮೇಡಂ ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ. ಮಾಮ ಅಚ್ಚು ತೆಗೆದುಕೊಂಡ ಮೇಲೆ ಮಸೆಯುವುದಿರುತ್ತದೆ. ಅಪ್ಪನ ಕಲ್ಲು ಹಿತ್ತಲಲ್ಲೇ ಇದೆ, ಮಸೆಯುವುದು ನನಗೆ ಬರುತ್ತದೆ. ಅಪ್ಪ ಹೇಳಿದ್ದು ತಗೊಂಡು ಬಾ ಅಂತ. ಕಳಿಸು ಅಂದಿರಲಿಲ್ಲ.