ಎರಡನೇ ಪುಟ

ಬೆಸಗರಹಳ್ಳಿ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಚಳಿ ಬಂದರೆ ನಿನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತಲ್ಲ, ಅಲ್ಲಿ ಹಚ್ಚಿಕೊಳ್ಳಲು ಏನಾದರೂ ಕೊಡುತ್ತಾರಾ? ಹೊಟ್ಟೆಗೆ ಏನು ತಿನ್ನುತ್ತೀಯ? ನಿನ್ನ ಫೋನು ಬಂದ್ ಆಗಿ ಇವತ್ತಿಗೆ ನೂರಾ ಹದಿನೆಂಟು ದಿನ. ಕಾಗದ ಬರೆದುಕೊಟ್ಟರೆ ರಾಯಭಾರ ಕಚೇರಿಯ ಮೂಲಕ ತಲುಪಿಸಲು ಪ್ರಯತ್ನಿಸಬಹುದು ಎಂದು ಚೂಡಾಮಣಿ ಮೇಡಂ ಹೇಳಿದರು, ಅದಕ್ಕೇ ಬರೆಯಲು ಕೂತಿದ್ದೇನೆ. ಮಂಡ್ಯದ ಕಾಲೇಜಿನಲ್ಲಿ ನಮಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುವವರು ಅವರೇ. ನೀನಿರುವ ದೇಶದ ಹೆಸರನ್ನು ಅವ್ವ ಮನೆಯೊಳಗೆ ಎತ್ತಗೊಡುವುದಿಲ್ಲ, ಹಾಗಾಗಿ ನಾನೂ ಇಲ್ಲಿ ಬರೆಯುವುದಿಲ್ಲ.

ಮನೆಯ ಸುದ್ದಿ ಹೇಳುತ್ತೇನೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಹೋದ ವಾರ ತೆಂಗಿನಕಾಯಿ ಕೀಳಿಸಿದೆವು, ಈ ಸಲ ಕಾಯಿ ಸಣ್ಣ. ಅಪ್ಪನ ಮಾತು ತೀರಾ ಕಡಿಮೆಯಾಗಿದೆ. ಅವ್ವ ಗೆಜ್ಜಲಗೆರೆ ಫ್ಯಾಕ್ಟರಿಯ ನಿನ್ನ ನೀಲಿ ಅಂಗಿಯನ್ನು ತಿಂಗಳಿಗೊಮ್ಮೆ ಒಗೆದು ಇಸ್ತ್ರಿ ಮಾಡಿಸುತ್ತಾಳೆ. ಗುತ್ತಿಗೆ ಮುಗಿಯಿತು ಎಂದು ಅವರು ನಿಮ್ಮನ್ನೆಲ್ಲ ಮನೆಗೆ ಕಳಿಸಿ ಒಂದೂವರೆ ವರ್ಷವಾಯಿತು ಎಂದರೆ ಕೇಳುವುದಿಲ್ಲ. "ಬಂದ್ ಮಾರ್ನೇ ದಿನ್ವೇ ಕೆಲ್ಸಕ್ ಕರುದ್ರೆ ಏನ್ ಆಕ್ಕೊಂಡೋಯ್ತಾನೆ ನನ್ ಮಗ?" ಅನ್ನುತ್ತಾಳೆ.

ಅಣ್ಣಾ, ನಾನು ಓದು ಬಿಟ್ಟೆ. ನೀನು ಬೈಯುತ್ತೀಯ, ಗೊತ್ತು. ನಿನ್ನ ಕೊನೆಯ ದನಿ ಇನ್ನೂ ನನ್ನ ಫೋನಿನಲ್ಲಿದೆ: "ಇಲ್ಲಿ ಗುಂಡಿ ತೋಡುಸ್ತಾವ್ರೆ ಕಣಮ್ಮ, ನಾಳಿಕ್ಕೆ ಮುಂದುಕ್ ಕಳುಸ್ತಾರಂತೆ. ಅವ್ವುಂಗ್ ಏಳ್ಬೇಡ. ನೀನ್ ಮಾತ್ರ ಓದಾದ್ ಬುಡ್ಬೇಡ." ನಾನು ಬಿಡಬೇಕೆಂದು ಬಿಟ್ಟಿದ್ದಲ್ಲ. ಮೊದಲು ನಕ್ಷೆಯ ಪಾಠ ಬಂತು. ಮೇಡಂ ಗೋಡೆಯ ಮೇಲೆ ನೀನಿರುವ ಯುದ್ಧದ ನಕ್ಷೆ ಮೂಡಿಸಿ, ಯಾವ ಪಡೆ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಕೆಂಪು ಬಾಣಗಳಲ್ಲಿ ತೋರಿಸಿದರು. ಹಿಂದಿನ ಬೆಂಚಿನವರು ಯಾರು ಗೆಲ್ಲುತ್ತಾರೆ ಎಂದು ತಮಾಷೆಗೆ ಪಂದ್ಯ ಕಟ್ಟಿಕೊಂಡರು. ಅವರಿಗೇನು ಗೊತ್ತು, ಕಾಲೇಜಿನಲ್ಲಿ ಆಗಿನ್ನೂ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಪರೀಕ್ಷೆ. "ವಿದೇಶದಲ್ಲಿರುವ ತನ್ನ ಪ್ರಜೆಗಳ ರಕ್ಷಣೆಯಲ್ಲಿ ರಾಜ್ಯದ ಪಾತ್ರವನ್ನು ವಿವರಿಸಿ" ಎಂಬ ಪ್ರಶ್ನೆ. ನನಗೆ ಬಾಯಿಪಾಠ ಬರುವ ಉತ್ತರ ಅದು. ನಾಲ್ಕು ಸಾಲು ಬರೆದೆ, ಕೈ ನಿಂತುಹೋಯಿತು. ಹಿಂದಿನ ವಾರವಷ್ಟೇ ಸರ್ಕಾರದ ಸಹಾಯವಾಣಿಯಲ್ಲಿ ಒಬ್ಬರು, "ಒಪ್ಪಂದಕ್ಕೆ ಅವರೇ ಸಹಿ ಹಾಕಿದ್ದಾರಲ್ಲಮ್ಮಾ, ಎರಡು ದೇಶಗಳ ನಡುವಿನ ವಿಷಯ, ಸ್ವಲ್ಪ ತಾಳ್ಮೆ ಇರಲಿ" ಎಂದಿದ್ದರು. ಅವರ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಅರ್ಧ ಗಂಟೆಗೇ ಪತ್ರಿಕೆ ಕೊಟ್ಟು ಎದ್ದು ಬಂದೆ. ಮತ್ತೆ ಆ ಕಡೆ ಹೋಗಿಲ್ಲ. ಮೇಡಂ ಎರಡು ಸಲ ಮನೆಗೇ ಬಂದರು, ಒಳಗೆ ಕೂತು ಕಾಫಿ ಕುಡಿದರು, ಬಾ ಎಂದರು. ಹೇಗೆ ಹೋಗಲಿ?

ಅವರೇ ಸಹಿ ಹಾಕಿದ್ದಾರಲ್ಲ ಅನ್ನುವ ಮಾತು ನನ್ನನ್ನು ತಿನ್ನುತ್ತಿದೆ, ಏಕೆಂದರೆ ಆ ಸಹಿ ನಿನ್ನ ಕೈಯಿಂದ ಬಿದ್ದರೂ ಹಾಕಿಸಿದವಳು ನಾನು. ನೆನಪಿದೆಯಲ್ಲ, ಮದ್ದೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಏಜೆಂಟ್ ರಾಜೇಂದ್ರ ಕಾಗದ ಬಿಚ್ಚಿಟ್ಟ. ಎರಡು ಪುಟ. ಮೊದಲನೆಯದು ಇಂಗ್ಲಿಷಿನಲ್ಲಿ, ಗೋದಾಮಿನ ಸಹಾಯಕನ ಕೆಲಸ ಎಂದಿತ್ತು. ಎರಡನೆಯದು ಪೂರ್ತಿ ಆ ದೇಶದ ಲಿಪಿಯಲ್ಲಿ. ನೀನು ಅದನ್ನು ನನ್ನ ಕಡೆ ತಳ್ಳಿ, "ನೋಡ್ ಏಳು ಕೂಸೇ, ದೇಸ್ ದೇಸುದ್ ವಿಚಾರ ಓದ್ತಿರೋಳು ನೀನು, ನಂಗೇನ್ ಗೊತ್ತಾಯ್ತದೆ" ಅಂದೆ. ಆ ವಾರವಷ್ಟೇ ತರಗತಿಯಲ್ಲಿ ಸೆಮಿನಾರ್ ಮಾಡಿ ಎಲ್ಲರಿಂದ ಚಪ್ಪಾಳೆ ತಟ್ಟಿಸಿಕೊಂಡಿದ್ದೆ. ಎರಡನೇ ಪುಟದ ಒಂದಕ್ಷರವೂ ನನಗೆ ತಿಳಿಯಲಿಲ್ಲ ಅಣ್ಣಾ. ತಿಳಿಯಲಿಲ್ಲ ಅನ್ನಲು ನಾಚಿಕೆಯಾಯಿತು. ಮೇಲಿಂದ ಕೆಳಗೆ ಕಣ್ಣಾಡಿಸಿ, ಸೀಲು ಮುಟ್ಟಿ ನೋಡಿ, "ಎಲ್ಲಾ ಸರಿಯಾಗಿದೆ" ಎಂದೆ. ಅಷ್ಟೇ. ನೀನು ಪೆನ್ನು ತೆಗೆದುಕೊಂಡೆ. ಮನೆಯಲ್ಲಿ ಅವ್ವ ಬೇಡ ಎಂದು ಅತ್ತಾಗ, "ನಮ್ ಕೂಸು ಓದ್ ನೋಡವ್ಳೆ, ಬುಡವ್ವ" ಎಂದು ನೀನೇ ಅವಳ ಬಾಯಿ ಮುಚ್ಚಿಸಿದೆ.

ಅದರ ಫೋಟೋ ನನ್ನ ಫೋನಿನಲ್ಲಿತ್ತು. ಮೇಡಂ ಮನೆಗೆ ಬಂದಾಗ ಕೊನೆಗೂ ನಿನ್ನ ವಿಷಯ ಹೇಳಿದೆ, ಅವರು ಅದನ್ನು ತಮಗೆ ಗೊತ್ತಿದ್ದವರೊಬ್ಬರಿಗೆ ಕಳಿಸಿ ಓದಿಸಿದರು. ಸೇನೆಯಲ್ಲಿ ಒಂದು ವರ್ಷದ ಸೇವೆ, ಎಲ್ಲಿಗೆ ಕಳಿಸಿದರೂ ಹೋಗತಕ್ಕದ್ದು, ನಡುವೆ ಬಿಟ್ಟು ಬರುವಂತಿಲ್ಲ. ಇಷ್ಟೂ ಆ ಪುಟದಲ್ಲಿತ್ತು. ಒಂದು ದಿನ ತಡೆ, ಯಾರಿಗಾದರೂ ತೋರಿಸೋಣ ಎಂದಿದ್ದರೆ ಸಾಕಿತ್ತು. ಇದನ್ನು ಅಪ್ಪ ಅವ್ವನಿಗೆ ಹೇಳಿಲ್ಲ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ.

ಅಪ್ಪ ನನ್ನನ್ನೂ ಕರೆದುಕೊಂಡು ಮಳವಳ್ಳಿಗೆ ರಾಜೇಂದ್ರನ ಮನೆಗೆ ಹೋಗಿದ್ದ. ಬಸ್ಸಿನ ತುಂಬ ಹಲ್ಲು ಕಡಿಯುತ್ತ, "ಇವತ್ ಅವ್ನ್ ಕಾಲ್ ಮುರೀದೆ ಬರಾಕಿಲ್ಲ" ಅನ್ನುತ್ತಿದ್ದ. ರಾಜೇಂದ್ರ ಇರಲಿಲ್ಲ. ಅವನ ತಾಯಿ ಬಾಗಿಲಿಗೆ ಬಂದು, ನಾವು ಬಾಯಿ ತೆರೆಯುವ ಮೊದಲೇ ಅಪ್ಪನ ಕೈ ಹಿಡಿದುಕೊಂಡು, "ನಿಮ್ ಮಗನ್ ಸುದ್ದಿ ಏನಾರ ಬಂತಾ ಸ್ವಾಮಿ? ನನ್ ಚಿಕ್ ಮಗಾನೂ ಅಲ್ಲೇ ಅವ್ನೆ" ಎಂದು ಅಳತೊಡಗಿದಳು. ರಾಜೇಂದ್ರ ಸ್ವಂತ ತಮ್ಮನನ್ನೂ ಅದೇ ಕೆಲಸವೆಂದು ನಂಬಿ ಕಳಿಸಿದ್ದನಂತೆ. ಅಪ್ಪ ಜಗಲಿಯ ಮೇಲೆ ಕುಸಿದು ಕೂತ. ಆಕೆ ಕೊಟ್ಟ ನೀರು ಕುಡಿದು ಎದ್ದು ಬಂದ. ಬೈಯುವುದಕ್ಕೆ ಇದ್ದ ಒಬ್ಬನೂ ಅವನ ಪಾಲಿಗೆ ಇಲ್ಲದಂತಾಯಿತು. ಅವತ್ತಿನಿಂದಲೇ ಅಪ್ಪನ ಮಾತು ಕಡಿಮೆಯಾದದ್ದು.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಎದುರಿಗೆ ಬಂದು ಕೆನ್ನೆಗೆ ಬಾರಿಸು. ಅಪ್ಪ ಅವ್ವನ ಆಶೀರ್ವಾದ ನಿನ್ನ ಮೇಲಿದೆ. ಮೈ ಬೆಚ್ಚಗಿಟ್ಟುಕೋ. ಯಾರಾದರೂ ಮುಂದಕ್ಕೆ ಹೋಗು ಅಂದರೆ ಕಾಯಿಲೆ ಅನ್ನು, ಕಾಲು ನೋವು ಅನ್ನು, ಏನಾದರೂ ಅನ್ನು.

ನಿನ್ನ ತಂಗಿ,
ರೂಪ

ವಿ.ಸೂ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಮಂಡ್ಯದ ಆಸ್ಪತ್ರೆಯಲ್ಲಿ ಅವ್ವನ ರಕ್ತ ತೆಗೆದುಕೊಂಡರು. ನೀನಿರುವ ದೇಶದಲ್ಲಿ ಗುರುತು ಸಿಗದ ದೇಹಗಳಿವೆಯಂತೆ, ತಾಯಂದಿರ ರಕ್ತದೊಂದಿಗೆ ಹೋಲಿಸಿ ನೋಡುತ್ತಾರಂತೆ. ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಿದ್ದೆ. ಅವ್ವ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ನಂಗ್ ಸಕ್ರೆ ಕಾಯ್ಲೆ ಇಲ್ಲ ಕಣ್ ಕೂಸೇ" ಎಂದಳು. ಅಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿಕೊಂಡಳು.